ಬಿಡದ ಒಣ ಕೆಮ್ಮಿಗೆ ಯಾವುದು ಸರಿ: ಆಡುಸೋಗೆನಾ, ದೊಡ್ಡಪತ್ರೆನಾ, ಅತಿಮಧುರನಾ?

ತುಂಗಾತೀರ
ಅಮ್ಮನಿಗೆ ದೀಪಾವಳಿ ಹೊತ್ತಿಗೆ ನೆಗಡಿ ಆಗಿತ್ತು. ನೆಗಡಿ ಬಿಟ್ಟಿತು, ಕೆಮ್ಮು ಬಿಡಲಿಲ್ಲ. ಕಫ ಇಲ್ಲ, ಜ್ವರ ಇಲ್ಲ, ಬರೀ ಒಣ ಕೆಮ್ಮು. ಗಂಟಲಲ್ಲಿ ಏನೋ ಕೆರೆದ ಹಾಗಾಗುತ್ತದಂತೆ. ರಾತ್ರಿ ಮಲಗಿದ ಮೇಲೆ ಜಾಸ್ತಿ. ವಯಸ್ಸು 61, ಬಿಪಿ ಇದೆ, ಶುಗರ್ ಇಲ್ಲ.

ಊರಿಂದ ದೊಡ್ಡಮ್ಮ ಒಂದು ಚೀಲ ತುಂಬಾ ಕಳಿಸಿದ್ದಾರೆ. ಆಡುಸೋಗೆ ಸೊಪ್ಪು, ದೊಡ್ಡಪತ್ರೆ, ಹಿಪ್ಪಲಿ, ಅತಿಮಧುರದ ಬೇರು. ಫೋನ್ ಮಾಡಿದವರೆಲ್ಲ ಒಂದೊಂದು ಹೇಳುತ್ತಾರೆ. ಅಮ್ಮ ಈಗ ಬೆಳಿಗ್ಗೆ ತುಳಸಿ ಕಷಾಯ, ಇಡೀ ದಿನ ಬಾಯಲ್ಲಿ ಅತಿಮಧುರ, ರಾತ್ರಿ ಅರಿಶಿನ ಹಾಲು, ಹೀಗೆ ಎಲ್ಲವನ್ನೂ ಮಾಡುತ್ತಿದ್ದಾರೆ. ಪ್ರಯೋಜನ ಕಾಣ್ತಿಲ್ಲ. ಯಾವುದನ್ನು, ಎಷ್ಟು, ಹೇಗೆ ಕೊಡಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

ಮಂಡ್ಯದವನು
ದೊಡ್ಡಪತ್ರೆ ಎಲೆಯನ್ನು ತವಾ ಮೇಲೆ ಬಾಡಿಸಿ, ರಸ ಹಿಂಡಿ, ಜೇನುತುಪ್ಪ ಸೇರಿಸಿ ಕೊಡಿ. ನಮ್ಮ ಮನೆಯಲ್ಲಿ ಇದೊಂದೇ ಮದ್ದು.

ಹವ್ಯಕ_ಅಡುಗೆಮನೆ
ಅದನ್ನೇ ನಾವು ಸಾಂಬಾರ ಸೊಪ್ಪು ಅನ್ನುತ್ತೇವೆ. ರಸಕ್ಕಿಂತ ತಂಬುಳಿ ಒಳ್ಳೆಯದು. ಎಲೆಯನ್ನು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಹುರಿಯಿರಿ. ಸ್ವಲ್ಪ ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ, ಹುಳಿ ಇಲ್ಲದ ಮಜ್ಜಿಗೆಗೆ ಬೆರೆಸಿ. ಬಿಸಿ ಅನ್ನಕ್ಕೆ ಕಲಸಿ ಉಂಡರೆ ಗಂಟಲಿಗೆ ಹಿತ.

ಮಂಡ್ಯದವನು
ಕೆಮ್ಮು ಇರುವವರಿಗೆ ಮಜ್ಜಿಗೆನಾ?

ಹವ್ಯಕ_ಅಡುಗೆಮನೆ
ಫ್ರಿಜ್‌ನಿಂದ ತೆಗೆದ ಹುಳಿ ಮೊಸರು ಹಾಕಿ ಅಂತ ನಾನು ಹೇಳಲಿಲ್ಲ. ಶಿರಸಿ ಕಡೆ ಮಳೆಗಾಲ ಪೂರ್ತಿ ತಂಬುಳಿ ಉಣ್ಣುತ್ತೇವೆ. ಯಾರಿಗೂ ಏನೂ ಆಗಿಲ್ಲ.

ವೈದ್ಯೆ_ಹಾಸನ
ನಾನು ಆಯುರ್ವೇದ ವೈದ್ಯೆ. ಮದ್ದಿನ ಹೆಸರು ಹೇಳುವ ಮುಂಚೆ ಒಂದು ಮಾತು. ಕೆಮ್ಮು ಅಂದರೆ ಒಂದೇ ಕಾಯಿಲೆ ಅಲ್ಲ. ಚರಕ ಸಂಹಿತೆಯಲ್ಲೇ ಕಾಸವನ್ನು, ಅಂದರೆ ಕೆಮ್ಮನ್ನು, ಐದು ಬಗೆ ಮಾಡಿದ್ದಾರೆ. ಕಫ ಕಟ್ಟಿಕೊಂಡು ಗೊರಗೊರ ಅನ್ನುವ ಕೆಮ್ಮಿಗೂ, ಏನೂ ಬಾರದೆ ಗಂಟಲು ಕೆರೆಯುವ ಕೆಮ್ಮಿಗೂ ಒಂದೇ ಸೊಪ್ಪು ಕೊಟ್ಟರೆ ಹೇಗೆ?

ಒಣ ಕೆಮ್ಮು ಇರುವವರಿಗೆ ದಿನಕ್ಕೆ ಮೂರು ಹೊತ್ತು ಶುಂಠಿ, ಮೆಣಸು, ಹಿಪ್ಪಲಿ ಕಷಾಯ ಕುಡಿಸುತ್ತಾರೆ. ಗಂಟಲು ಇನ್ನಷ್ಟು ಒಣಗುತ್ತದೆ, ಹೊಟ್ಟೆ ಉರಿಯುತ್ತದೆ, ಕೆಮ್ಮು ಜಾಸ್ತಿಯಾಗುತ್ತದೆ. ಆಮೇಲೆ ಆಯುರ್ವೇದ ಉಷ್ಣ ಅಂತ ದೂರುತ್ತಾರೆ. ಒಣ ಕೆಮ್ಮಿಗೆ ಬೇಕಾದ್ದು ಸ್ನಿಗ್ಧ, ಅಂದರೆ ಗಂಟಲನ್ನು ಮೆತ್ತಗಿಡುವ ಪದಾರ್ಥ: ತುಪ್ಪ, ಬಿಸಿ ಹಾಲು, ಕಲ್ಲುಸಕ್ಕರೆ, ದ್ರಾಕ್ಷಿ.

ಇನ್ನೊಂದು, ಬಿಪಿ ಇರುವವರು ಇಡೀ ದಿನ ಅತಿಮಧುರ ಅಗಿಯುವುದನ್ನು ಇವತ್ತೇ ನಿಲ್ಲಿಸಿ. ಅದರಲ್ಲಿರುವ ಗ್ಲಿಸಿರೈಜಿನ್ ದೇಹದಲ್ಲಿ ಉಪ್ಪು, ನೀರು ಹಿಡಿದಿಡುತ್ತದೆ. ಪೊಟ್ಯಾಸಿಯಂ ಇಳಿಯುತ್ತದೆ, ಬಿಪಿ ಏರುತ್ತದೆ. ಒಂದೆರಡು ದಿನ ಚೂರು ಅಗಿದರೆ ತೊಂದರೆ ಇಲ್ಲ. ವಾರಗಟ್ಟಲೆ ಬೇಡವೇ ಬೇಡ.

ತುಂಗಾತೀರ
ಅಯ್ಯೋ, ಇದು ಯಾರೂ ಹೇಳಿರಲಿಲ್ಲ. ಈಗಲೇ ತೆಗೆದಿಡಿಸುತ್ತೇನೆ. ಥ್ಯಾಂಕ್ಸ್ ಮೇಡಂ.

ಔಷಧಿ_ಅಂಗಡಿ
ತುಂಗಾತೀರ ಅವರೇ, ಅಮ್ಮ ತಗೊಳ್ಳುವ ಬಿಪಿ ಮಾತ್ರೆ ಹೆಸರು ಏನು? ಯಾವಾಗಿಂದ ತಗೊಳ್ತಿದ್ದಾರೆ?

ಧಾರವಾಡಕರ
ನಮ್ಮ ಕಡೆ ಅಜವಾನ ಪೊಟ್ಟಣ ಕಟ್ಟಿ ಬಿಸಿ ಮಾಡಿ ಎದೆಗೆ, ಬೆನ್ನಿಗೆ ಶಾಖ ಕೊಡುತ್ತಾರೆ. ಬಾಣಂತಿ ಮನೆಯಲ್ಲಂತೂ ಇದು ಇರಲೇಬೇಕು. ಒಮ್ಮೆ ಮಾಡಿ ನೋಡಿ.

ಕುಡ್ಲದ_ಕಡಲು
ಅಜವಾನ ಅಂದರೆ ನಾವು ಹೇಳುವ ಓಮ. ಓಮ, ದೊಡ್ಡಪತ್ರೆ ಎರಡರಲ್ಲೂ ಥೈಮಾಲ್ ಇದೆ. ಎರಡನ್ನೂ ಉಜ್ಜಿ ಮೂಸಿ ನೋಡಿ, ವಾಸನೆ ಹತ್ತಿರ ಹತ್ತಿರ ಇರುತ್ತದೆ.

ಪ್ರಶ್ನೆ_ಬೇಕು
ಎಲ್ಲರೂ ನಮ್ಮ ಮನೆ, ನಮ್ಮ ಅಜ್ಜಿ ಅಂತಿದ್ದೀರಿ. ನೆಗಡಿ ವೈರಸ್‌ನಿಂದ ಬರುತ್ತದೆ. ಏನೂ ಮಾಡದಿದ್ದರೂ ವಾರ, ಹತ್ತು ದಿನಕ್ಕೆ ಹೋಗುತ್ತದೆ. ಅದರ ಹಿಂದಿನ ಕೆಮ್ಮು ಮೂರು ವಾರದವರೆಗೂ ಇರಬಹುದು. ನಾಲ್ಕನೇ ದಿನ ಕಷಾಯ ಕುಡಿದು ಎಂಟನೇ ದಿನ ಗುಣವಾದರೆ ಆ ಹೆಸರು ಕಷಾಯಕ್ಕೆ ಯಾಕೆ ಹೋಗಬೇಕು?

ಹವ್ಯಕ_ಅಡುಗೆಮನೆ
ಆ ಎಂಟು ದಿನ ನಿದ್ದೆ ಬರಬೇಕಲ್ಲ ಸ್ವಾಮಿ. ಗುಣ ಆಗುವವರೆಗೆ ಗಂಟಲಿಗೆ ಹಿತ ಆಗುವುದೂ ಒಂದು ಪ್ರಯೋಜನವೇ.

ವೈದ್ಯೆ_ಹಾಸನ
ಪ್ರಶ್ನೆ ನ್ಯಾಯವಾದದ್ದೇ. ಆದರೆ ಎಲ್ಲವೂ ಬರೀ ಅಜ್ಜಿ ಮಾತಲ್ಲ. ಆಡುಸೋಗೆಯಲ್ಲಿ ವಾಸಿಸೀನ್ ಅನ್ನುವ ಅಂಶ ಇದೆ. ಅದನ್ನು ನೋಡಿಕೊಂಡೇ ಬ್ರೋಮ್‌ಹೆಕ್ಸಿನ್ ಅನ್ನುವ ಕಫದ ಔಷಧಿ ತಯಾರಿಸಿದ್ದು. ಅಂಗಡಿಯಲ್ಲಿ ಸಿಗುವ ಎಷ್ಟೋ ಕಫದ ಸಿರಪ್‌ಗಳಲ್ಲಿ ಇರುವುದು ಇದೇ, ಇಲ್ಲವೇ ಇದರಿಂದ ಬಂದ ಆಂಬ್ರಾಕ್ಸಾಲ್. ಕಫ ಗಟ್ಟಿಯಾಗಿ ಅಂಟಿಕೊಂಡಾಗ ಅದನ್ನು ನೀರಾಗಿಸಿ ಹೊರಗೆ ತರುವುದು ಇದರ ಕೆಲಸ. ಅದಕ್ಕೇ ಕಫವೇ ಇಲ್ಲದ ಕೆಮ್ಮಿಗೆ ಆಡುಸೋಗೆ ಕೊಟ್ಟು ಏನೂ ಆಗಲಿಲ್ಲ ಅಂದರೆ ಆಶ್ಚರ್ಯ ಇಲ್ಲ.

ಗರ್ಭಿಣಿಯರು ಆಡುಸೋಗೆ ಮುಟ್ಟಬಾರದು. ಗರ್ಭಕೋಶವನ್ನು ಸಂಕುಚಿಸುವ ಗುಣ ಅದಕ್ಕಿದೆ.

ಮೂಡಿಗೆರೆ_ಮಳೆ
ಆಡುಸೋಗೆ ನಮ್ಮ ತೋಟದ ಬೇಲಿಯಲ್ಲೇ ಇದೆ. ದನ, ಆಡು ಯಾವುದೂ ಬಾಯಿ ಹಾಕುವುದಿಲ್ಲ. ಅಷ್ಟು ಕಹಿ. ಎಲೆಯನ್ನು ಹಾಗೇ ಜಜ್ಜಿದರೆ ರಸ ಬರುವುದೂ ಇಲ್ಲ. ಇಡ್ಲಿ ಪಾತ್ರೆಯಲ್ಲಿ ಹಬೆಗಿಟ್ಟು ಮೆತ್ತಗಾದ ಮೇಲೆ ಬಟ್ಟೆಯಲ್ಲಿ ಹಿಂಡಬೇಕು. ಹಸಿರು, ಅಂಟು ಅಂಟು ರಸ ತೊಟ್ಟಿಕ್ಕುತ್ತದೆ. ಬಾಯಿಗಿಟ್ಟ ಮೇಲೆ ಒಂದು ಗಂಟೆ ಕಾಫಿಯೂ ಕಹಿ.

ವೈದ್ಯೆ_ಹಾಸನ
ಸರಿಯಾದ ಕ್ರಮ. ಶಾಸ್ತ್ರದಲ್ಲಿ ಇದಕ್ಕೆ ಪುಟಪಾಕ ಅನ್ನುತ್ತಾರೆ. ಎಲೆಯ ಉಂಡೆಗೆ ಮೇಲೆ ಮಣ್ಣು ಮೆತ್ತಿ ಕೆಂಡದಲ್ಲಿ ಸುಟ್ಟು ರಸ ತೆಗೆಯುವುದು. ಹಬೆ ಅದರ ಸುಲಭ ದಾರಿ.

ನರ್ಸ್_ಅಕ್ಕ
ಎಲ್ಲರೂ ಸೊಪ್ಪಿನಲ್ಲೇ ಇದ್ದೀರಿ. ದೀಪಾವಳಿಯಿಂದ ಕೆಮ್ಮು ಅಂತಿದ್ದಾರೆ. ಎರಡು ವಾರ ದಾಟಿದ ಯಾವ ಕೆಮ್ಮನ್ನೂ ಮನೆಯಲ್ಲಿ ಇಟ್ಟುಕೊಳ್ಳಬಾರದು. ಮೊದಲು ಕಫ ಪರೀಕ್ಷೆ, ಎದೆಯ ಎಕ್ಸ್‌ರೇ. ಕ್ಷಯ ಇಲ್ಲ ಅಂತ ಖಚಿತ ಆಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆ, ಔಷಧಿ ಎರಡೂ ಉಚಿತ. ತೂಕ ಇಳಿದಿದೆಯಾ, ಸಂಜೆ ಜ್ವರ ಬರುತ್ತದಾ, ಕಫದಲ್ಲಿ ರಕ್ತ ಇದೆಯಾ, ಇವನ್ನೆಲ್ಲ ಕೇಳಿ. ತಿಂಗಳುಗಟ್ಟಲೆ ಕಷಾಯ ಕುಡಿದು ಕೊನೆಗೆ ಬರುವವರನ್ನು ವಾರ್ಡಿನಲ್ಲಿ ನೋಡಿ ನೋಡಿ ಬೇಜಾರಾಗಿದೆ.

ತುಂಗಾತೀರ
ತೂಕ ಇಳಿದಿಲ್ಲ, ಜ್ವರ ಇಲ್ಲ, ರಕ್ತ ಇಲ್ಲ. ಆದರೂ ನಾಳೆಯೇ ಎಕ್ಸ್‌ರೇ ಮಾಡಿಸುತ್ತೇನೆ. ಔಷಧಿ ಅಂಗಡಿಯವರೇ, ಮಾತ್ರೆ ಪಟ್ಟಿ ನೋಡಿದೆ, ರಾಮಿಪ್ರಿಲ್ ಅಂತಿದೆ. ದಸರಾಗೆ ಸ್ವಲ್ಪ ಮುಂಚೆ ಶುರು ಮಾಡಿದ್ದು.

ಔಷಧಿ_ಅಂಗಡಿ
ಅದಕ್ಕೇ ಕೇಳಿದ್ದು. ಹೆಸರಿನ ಕೊನೆಗೆ "ಪ್ರಿಲ್" ಇರುವ ಮಾತ್ರೆಗಳು (ಎನಾಲಾಪ್ರಿಲ್, ಲಿಸಿನೊಪ್ರಿಲ್, ರಾಮಿಪ್ರಿಲ್) ಕೆಲವರಿಗೆ ಇಂಥದ್ದೇ ಕೆಮ್ಮು ತರುತ್ತವೆ. ಕಫ ಇಲ್ಲದ ಒಣ ಕೆಮ್ಮು, ಗಂಟಲಲ್ಲಿ ಕೆರೆತ. ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಮಾತ್ರೆ ಶುರುವಾದ ಕೆಲವೇ ದಿನಕ್ಕೂ ಬರಬಹುದು, ತಿಂಗಳುಗಳ ಮೇಲೂ ಬರಬಹುದು. ದೇಹದಲ್ಲಿ ಬ್ರಾಡಿಕೈನಿನ್ ಅನ್ನುವ ವಸ್ತು ಒಡೆಯುವುದನ್ನು ಈ ಮಾತ್ರೆ ತಡೆಯುತ್ತದೆ. ಅದು ಗಂಟಲಲ್ಲಿ, ಶ್ವಾಸನಾಳದಲ್ಲಿ ಉಳಿದು ಕೆರೆಯುತ್ತದೆ. ಯಾವ ಕಷಾಯಕ್ಕೂ ಇದು ಬಗ್ಗುವುದಿಲ್ಲ.

ದಯವಿಟ್ಟು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಬಿಪಿ ದಿಢೀರ್ ಏರಿದರೆ ಕಷ್ಟ. ಬರೆದುಕೊಟ್ಟ ಡಾಕ್ಟರ್ ಹತ್ತಿರ ಹೋಗಿ, ಕೆಮ್ಮು ಯಾವಾಗ ಶುರುವಾಯಿತು ಅಂತ ಹೇಳಿ. ಟೆಲ್ಮಿಸಾರ್ಟಾನ್, ಲೋಸಾರ್ಟಾನ್ ತರಹದ ಬೇರೆ ಮಾತ್ರೆಗಳಿವೆ. ಅವುಗಳಲ್ಲಿ ಈ ಕಾಟ ತೀರಾ ಕಡಿಮೆ. ಬದಲಾಯಿಸಿದ ಮೇಲೂ ಕೆಮ್ಮು ಪೂರ್ತಿ ಹೋಗಲು ಒಂದರಿಂದ ನಾಲ್ಕು ವಾರ ಬೇಕಾಗಬಹುದು.

ನರ್ಸ್_ಅಕ್ಕ
ಒಳ್ಳೆ ಪ್ರಶ್ನೆ ಕೇಳಿದಿರಿ. ಆದರೂ ಎಕ್ಸ್‌ರೇ ಬಿಡಬೇಡಿ.

ವೈದ್ಯೆ_ಹಾಸನ
ಒಪ್ಪುತ್ತೇನೆ. ಅತಿಮಧುರ ಬಿಪಿ ಏರಿಸುವುದು, ಬಿಪಿ ಮಾತ್ರೆ ಕೆಮ್ಮು ತರುವುದು, ಆ ಕೆಮ್ಮಿಗೆ ಮತ್ತೆ ಅತಿಮಧುರ. ಸೊಪ್ಪು, ಬೇರು ಏನೇ ತಗೊಳ್ಳುತ್ತಿದ್ದರೂ ಡಾಕ್ಟರ್‌ಗೆ ಹೇಳಲೇಬೇಕು. ನನ್ನ ಹತ್ತಿರ ಬರುವವರೂ ಇಂಗ್ಲಿಷ್ ಮಾತ್ರೆ ವಿಷಯ ಮುಚ್ಚಿಡುತ್ತಾರೆ.

ಕುಡ್ಲದ_ಕಡಲು
ಸರಿ, ಇದು ಬಿಪಿ ಮಾತ್ರೆಯ ಕೆಮ್ಮು ಅಂದುಕೊಳ್ಳೋಣ. ನಮಗೆ ಬರುವ ಮಾಮೂಲಿ ನೆಗಡಿಗೆ ಕಷಾಯ ಮಾಡುವ ಸರಿಯಾದ ವಿಧಾನ ಯಾವುದು? ಒಬ್ಬರು ಅರ್ಧ ಗಂಟೆ ಕುದಿಸಿ ಅಂತಾರೆ, ಇನ್ನೊಬ್ಬರು ಬಿಸಿನೀರಿಗೆ ಹಾಕಿ ಮುಚ್ಚಿಡಿ ಅಂತಾರೆ.

ವೈದ್ಯೆ_ಹಾಸನ
ಎರಡೂ ಸರಿ, ಪದಾರ್ಥ ಬೇರೆ. ಬೇರು, ತೊಗಟೆ, ಒಣಗಿದ ಗಟ್ಟಿ ಪದಾರ್ಥವಾದರೆ ಚೆನ್ನಾಗಿ ಕುದಿಯಬೇಕು. ಶಾರ್ಙ್ಗಧರ ಸಂಹಿತೆಯ ಲೆಕ್ಕ ಹೀಗಿದೆ: ಒಂದು ಪಾಲು ಜಜ್ಜಿದ ಪದಾರ್ಥಕ್ಕೆ 16 ಪಾಲು ನೀರು, ಎಂಟನೇ ಒಂದು ಭಾಗಕ್ಕೆ ಇಳಿಯುವವರೆಗೆ ಸಣ್ಣ ಉರಿ.

ತುಳಸಿ, ದೊಡ್ಡಪತ್ರೆ, ಮಜ್ಜಿಗೆಹುಲ್ಲಿಗೆ ಹೀಗೆ ಮಾಡಬಾರದು. ಇವುಗಳ ಗುಣ ಇರುವುದೇ ಘಮದ ಎಣ್ಣೆಯಲ್ಲಿ. ತೆರೆದ ಪಾತ್ರೆಯಲ್ಲಿ ಅರ್ಧ ಗಂಟೆ ಕುದಿಸಿದರೆ ಮನೆಯೆಲ್ಲ ಘಮ ಅನ್ನುತ್ತದೆ, ಲೋಟದಲ್ಲಿ ಏನೂ ಉಳಿಯುವುದಿಲ್ಲ. ಕುದಿದ ನೀರನ್ನು ಒಲೆಯಿಂದ ಇಳಿಸಿ, ಎಲೆ ಹರಿದು ಹಾಕಿ, ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಡಿ.

2020ರಲ್ಲಿ ಆಯುಷ್ ಸಚಿವಾಲಯ ಹೇಳಿದ ಕಷಾಯದ ಅಳತೆಯೂ ಸರಳ. ತುಳಸಿ ನಾಲ್ಕು ಪಾಲು, ದಾಲ್ಚಿನ್ನಿ ಎರಡು, ಒಣಶುಂಠಿ ಎರಡು, ಕಾಳುಮೆಣಸು ಒಂದು.

ಹವ್ಯಕ_ಅಡುಗೆಮನೆ
ನಮ್ಮ ಕಷಾಯ ಪುಡಿಯಲ್ಲಿ ಕೊತ್ತಂಬರಿ ಮತ್ತು ಜೀರಿಗೆಯೇ ಜಾಸ್ತಿ. ಮೆಣಸು, ಶುಂಠಿ, ಏಲಕ್ಕಿ, ಚೂರು ಮೆಂತ್ಯ ಅದರ ಹಿಂದೆ. ಬೆಲ್ಲ, ಹಾಲು ಹಾಕಿ ಕುಡಿಯುವುದು. ಹೊಟ್ಟೆ ಉರಿಯುವುದಿಲ್ಲ, ಮಕ್ಕಳೂ ಕುಡಿಯುತ್ತಾರೆ. ಬಹಳ ಮನೆಗಳಲ್ಲಿ ಸಂಜೆಗೆ ಟೀ, ಕಾಫಿ ಬದಲು ಇದೇ.

ಪ್ರಶ್ನೆ_ಬೇಕು
ಅರಿಶಿನ ಹಾಲಿನ ಬಗ್ಗೆ ಯಾರಾದರೂ ಹೇಳಿ. ಅರಿಶಿನದ ಕರ್ಕ್ಯುಮಿನ್ ಮೈಗೆ ಹತ್ತುವುದೇ ಇಲ್ಲ ಅಂತ ಓದಿದ್ದೇನೆ.

ಔಷಧಿ_ಅಂಗಡಿ
ಒಂಟಿಯಾಗಿ ತಿಂದರೆ ಬಹಳ ಕಡಿಮೆ ಹತ್ತುತ್ತದೆ, ನಿಜ. ಇದರ ಬಗ್ಗೆ ಹೆಸರುವಾಸಿ ಅಧ್ಯಯನ ನಡೆದದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲೇ, ಪ್ರಕಟವಾದದ್ದು 1998ರಲ್ಲಿ. 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಸತ್ವ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಶೇ 2000ರಷ್ಟು ಏರಿತ್ತು. ಹಾಲಿಗೆ ಅರಿಶಿನದ ಜೊತೆ ಮೆಣಸು ಕುಟ್ಟಿ ಹಾಕುವ ಪದ್ಧತಿ ಮೊದಲಿಂದ ಇದೆಯಲ್ಲ.

ಆದರೆ ಇದೇ ಪೈಪರಿನ್ ಬೇರೆ ಮಾತ್ರೆಗಳು ರಕ್ತಕ್ಕೆ ಸೇರುವುದನ್ನೂ ಹೆಚ್ಚಿಸಬಹುದು. ಅಡುಗೆಯ ಅಳತೆ ಪರವಾಗಿಲ್ಲ. ಸತ್ವದ ಕ್ಯಾಪ್ಸೂಲ್ ನುಂಗುವವರು ಹುಷಾರಾಗಿರಬೇಕು.

ಪ್ರಶ್ನೆ_ಬೇಕು
ಆ ಅಧ್ಯಯನ ರಕ್ತಕ್ಕೆ ಎಷ್ಟು ಸೇರುತ್ತದೆ ಅನ್ನುವುದರ ಬಗ್ಗೆ. ಕೆಮ್ಮು ಹೋಗುತ್ತದೆ ಅಂತ ಅದು ಹೇಳುವುದಿಲ್ಲ, ಅಲ್ವಾ?

ಔಷಧಿ_ಅಂಗಡಿ
ಹೌದು, ಹೇಳುವುದಿಲ್ಲ. ಕೆಮ್ಮಿಗೆ ಪುರಾವೆ ಚೆನ್ನಾಗಿರುವುದು ಜೇನುತುಪ್ಪಕ್ಕೆ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯೇ 2018ರಲ್ಲಿ ಮಾಮೂಲಿ ಕೆಮ್ಮಿಗೆ ಜೇನನ್ನು ಸೂಚಿಸಿತು. ರಾತ್ರಿ ಮಲಗುವಾಗ ಒಂದು ಚಮಚ.

ಜೇನುಗೂಡು
ಒಳ್ಳೆ ಜೇನು ಸಿಕ್ಕರೆ! ದೆಹಲಿಯ ಪರಿಸರ ಸಂಸ್ಥೆ ಸಿಎಸ್‌ಇ 2020ರ ಡಿಸೆಂಬರ್‌ನಲ್ಲಿ 13 ಬ್ರಾಂಡ್‌ಗಳ ಪರೀಕ್ಷೆ ಬಗ್ಗೆ ವರದಿ ಕೊಟ್ಟಿತ್ತು. ಸಕ್ಕರೆ ಪಾಕದ ಕಲಬೆರಕೆ ಹಿಡಿಯುವ ಎನ್‌ಎಂಆರ್ ಪರೀಕ್ಷೆ ಸೇರಿ ಎಲ್ಲದರಲ್ಲೂ ಪಾಸಾಗಿದ್ದು ಮೂರೇ. ನೀರಿಗೆ ಹನಿ ಬಿಟ್ಟು ನೋಡುವುದು, ಬೆಂಕಿ ಕಡ್ಡಿ ಅದ್ದಿ ಹಚ್ಚುವುದು, ಇವನ್ನು ನಂಬಬೇಡಿ. ಸಕ್ಕರೆ ಪಾಕವೂ ಅದರಲ್ಲಿ ಪಾಸಾಗುತ್ತದೆ. ಹರಳುಗಟ್ಟಿದ ಜೇನನ್ನು ಕಲಬೆರಕೆ ಅಂತ ಎಸೆಯುವವರಿದ್ದಾರೆ, ಅದೂ ತಪ್ಪು. ಅಪ್ಪಟ ಜೇನೂ ಹರಳುಗಟ್ಟುತ್ತದೆ.

ನಾನು ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದೇನೆ. ಮದ್ದಿಗೆ ಅಂತ ಮಲೆನಾಡಿನವರು ಹುಡುಕುವುದು ಮುಜಂಟಿ ಜೇನು. ಚುಚ್ಚದ ಪುಟ್ಟ ನೊಣ, ಗೋಡೆ ಸಂದಿಯಲ್ಲೂ ಗೂಡು ಕಟ್ಟುತ್ತದೆ. ಸ್ವಲ್ಪ ಹುಳಿ ರುಚಿ. ಸಿಗುವುದೇ ಕಡಿಮೆ, ಅದಕ್ಕೇ ಬೆಲೆ ಜಾಸ್ತಿ.

ಸಿಂಗಪುರದಿಂದ
ನನ್ನ ಮಗನಿಗೆ ಎಂಟು ತಿಂಗಳು. ಅತ್ತೆ ಫೋನ್ ಮಾಡಿ ತುಳಸಿ ರಸ, ಜೇನು ನೆಕ್ಕಿಸು ಅಂತಿದ್ದಾರೆ. ಬಜೆ ಬೇರನ್ನೂ ಕಳಿಸಿದ್ದಾರೆ, ತೇದು ಕೊಡು ಅಂತ. ಕೊಡಬಹುದಾ?

ನರ್ಸ್_ಅಕ್ಕ
ಜೇನು ಬೇಡ! ಒಂದು ವರ್ಷ ತುಂಬುವವರೆಗೆ ಒಂದು ಹನಿಯೂ ಬೇಡ. ಜೇನಿನಲ್ಲಿ ಬೊಟುಲಿಸಂ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ದೊಡ್ಡವರಿಗೆ ಏನೂ ಆಗದು. ಕೂಸಿನ ಕರುಳಿನಲ್ಲಿ ಅದು ಮೊಳೆತು ವಿಷ ಬಿಡುತ್ತದೆ. ಮಗು ಜೋಲು ಬೀಳುತ್ತದೆ, ಹಾಲು ಎಳೆಯುವುದಿಲ್ಲ, ಉಸಿರಾಟಕ್ಕೂ ತೊಂದರೆ. ಕಾಯಿಸಿದರೂ ಆ ಬೀಜಕಣ ಸಾಯುವುದಿಲ್ಲ.

ವೈದ್ಯೆ_ಹಾಸನ
ಬಜೆಯೂ ಬೇಡ. ನಮ್ಮಲ್ಲಿ ಕೂಸುಗಳ ಕೈಗೆ ಬಜೆ ಮಣಿ ಕಟ್ಟುತ್ತಾರೆ, ಹಾಲಲ್ಲಿ ತೇದು ನೆಕ್ಕಿಸುತ್ತಾರೆ, ಗೊತ್ತು. ಆದರೆ ಅದರಲ್ಲಿ ಬೀಟಾ ಅಸರೋನ್ ಇದೆ. ಇಲಿಗಳಲ್ಲಿ ಗಡ್ಡೆ ಕಾಣಿಸಿದ ಮೇಲೆ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ನಿಷೇಧಿಸಿತು. ಆಯುರ್ವೇದದಲ್ಲೂ ಅದನ್ನು ಶೋಧನೆ (ಶುದ್ಧೀಕರಣ) ಮಾಡದೆ ಬಳಸುವುದಿಲ್ಲ. ಮನೆಯಲ್ಲಿ ಕಲ್ಲಿನ ಮೇಲೆ ಎಷ್ಟು ಸುತ್ತು ತೇದರು ಅನ್ನುವುದೇ ಅಳತೆ. ಎಂಟು ತಿಂಗಳ ಮಗುವಿನ ವಿಷಯದಲ್ಲಿ ಅಂಥ ಅಂದಾಜು ಅಳತೆ ನಂಬಬಾರದು.

ಧಾರವಾಡಕರ
ಎಲ್ಲದಕ್ಕೂ ಬೇಡ ಅಂದರೆ ಹೇಗೆ? ನಾವೆಲ್ಲ ಬಜೆ ನೆಕ್ಕಿಯೇ ಬೆಳೆದದ್ದು.

ನರ್ಸ್_ಅಕ್ಕ
ಬೆಳೆದವರು ಮಾತ್ರ ಇಲ್ಲಿ ಬಂದು ಬರೆಯುತ್ತಾರೆ ಸರ್. ಆಗಿನ ಕಾಲದಲ್ಲಿ ಎಷ್ಟು ಕೂಸುಗಳು ಹೋಗುತ್ತಿದ್ದವು ಅಂತ ನಿಮ್ಮ ಮನೆಯ ಹಿರಿಯರನ್ನೇ ಕೇಳಿ.

ಸಿಂಗಪುರದ ಅಕ್ಕ, ಮೂಗು ಕಟ್ಟಿದರೆ ಉಪ್ಪುನೀರಿನ ಡ್ರಾಪ್ಸ್ ಹಾಕಿ, ಹಾಲು ಮೇಲಿಂದ ಮೇಲೆ ಕೊಡಿ. ಕರ್ಪೂರ ಬೆರೆಸಿದ ಎಣ್ಣೆ, ಬಾಮ್ ಯಾವುದನ್ನೂ ಎರಡು ವರ್ಷದವರೆಗೆ ಹಚ್ಚಬೇಡಿ. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. ಕುದಿಯುವ ನೀರಿನ ಹಬೆಯೂ ಬೇಡ. ಪಾತ್ರೆ ಮಗುಚಿ ಸುಟ್ಟುಕೊಂಡು ಬರುವ ಮಕ್ಕಳು ಕಡಿಮೆ ಇಲ್ಲ. ಪಕ್ಕೆ ಒಳಗೆ ಸೆಳೆದುಕೊಂಡು ಉಸಿರಾಡಿದರೆ ತಕ್ಷಣ ಆಸ್ಪತ್ರೆಗೆ.

ಧಾರವಾಡಕರ
ಹಾಗಾದರೆ ಅಂಗಡಿ ಸಿರಪ್ ಒಳ್ಳೆಯದಾ?

ಔಷಧಿ_ಅಂಗಡಿ
ಅದೂ ಅಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲಿನ್ ಗ್ಲೈಕಾಲ್ ಅನ್ನುವ ವಿಷ ಸೇರಿದ ಸಿರಪ್ ಕುಡಿದು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಅದೇ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಸೂಚನೆ ಹೊರಡಿಸಿತು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿ ಸಿರಪ್ ಕೊಡಲೇಬಾರದು, ಐದು ವರ್ಷದವರೆಗೂ ಸಾಮಾನ್ಯವಾಗಿ ಬೇಡ. ನನ್ನ ಅಂಗಡಿಗೆ ಚೀಟಿ ಇಲ್ಲದೆ ಬಂದು "ಮಗುವಿಗೆ ಕೆಮ್ಮಿನ ಔಷಧಿ ಕೊಡಿ" ಅಂದರೆ ಕೊಡುವುದಿಲ್ಲ. ಬೈಸಿಕೊಂಡರೂ ಪರವಾಗಿಲ್ಲ.

ಮೂಡಿಗೆರೆ_ಮಳೆ
ನಮ್ಮ ಕಡೆ ಮಳೆಗಾಲದ ನೆಗಡಿಗೆ ಏಡಿ ಸಾರು. ಗದ್ದೆ ಏಡಿಯನ್ನು ಮೆಣಸು, ಬೆಳ್ಳುಳ್ಳಿ ಜೊತೆ ಜಜ್ಜಿ ಮಾಡುವುದು. ಮೂಗು, ಕಣ್ಣು ಎರಡೂ ಸುರಿಯಬೇಕು. ಚಗಳಿ ಚಟ್ನಿಯೂ ಉಂಟು. ಮರದ ಮೇಲಿನ ಕೆಂಪಿರುವೆಯನ್ನು ಹುರಿದು ಮಾಡುವುದು. ಒಡಿಶಾದ ಸಿಮಿಲಿಪಾಲ್ ಕೆಂಪಿರುವೆ ಚಟ್ನಿಗೆ 2024ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ನಮ್ಮದನ್ನು ಕೇಳುವವರಿಲ್ಲ.

ಮಂಡ್ಯದವನು
ನಾಟಿ ಕೋಳಿ ಸಾರು, ಬಿಸಿ ಮುದ್ದೆ. ಮಾಂಸ ತಿನ್ನದವರಿಗೆ ಹುರುಳಿಕಟ್ಟಿನ ಸಾರು.

ಸೊರಬದ_ಕಾಡು
ಮಲೆನಾಡಿನವರಿಗೆ ಒಂದು ಮಾತು. ಡಿಸೆಂಬರ್‌ನಿಂದ ಮೇವರೆಗೆ ಕಾಡಿಗೆ, ತೋಟಕ್ಕೆ ಹೋಗಿ ಬಂದವರಿಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಅದನ್ನು ನೆಗಡಿ ಜ್ವರ ಅಂತ ಕಷಾಯದಲ್ಲಿ ಕಳೆಯಬೇಡಿ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ. ಉಣುಗು (ಉಣ್ಣೆ ಹುಳ) ಕಚ್ಚಿ ಬರುವುದು. ರಕ್ತ ಪರೀಕ್ಷೆ ಆಗಲೇಬೇಕು.

ತುಂಗಾತೀರ
ಎಕ್ಸ್‌ರೇ ಸರಿ ಇದೆ. ಡಾಕ್ಟರ್ ಮಾತ್ರೆ ಬದಲಾಯಿಸಿದ್ದಾರೆ. ಮೊನ್ನೆಯಿಂದ ರಾತ್ರಿ ಕೆಮ್ಮು ಸ್ವಲ್ಪ ಕಡಿಮೆ ಅನ್ನಿಸುತ್ತಿದೆ. ಕೇಳಿದವರಿಗೆ, ಹೇಳಿದವರಿಗೆ ಎಲ್ಲರಿಗೂ ಧನ್ಯವಾದ.

ಕುಡ್ಲದ_ಕಡಲು
ಒಳ್ಳೆ ಸುದ್ದಿ. ಬೆಂಗಳೂರಲ್ಲಿ ಈ ಗಿಡಗಳು ಎಲ್ಲಿ ಸಿಗುತ್ತವೆ? ಗ್ರಂಥಿಗೆ ಅಂಗಡಿಯಲ್ಲಿ ಒಣಗಿದ್ದು ಮಾತ್ರ ಇದೆ. ಹಿಪ್ಪಲಿಗೂ ಹುಳ ಹಿಡಿದಿತ್ತು.

ಜೇನುಗೂಡು
ಲಾಲ್‌ಬಾಗ್ ನರ್ಸರಿಯಲ್ಲಿ ವಿಚಾರಿಸಿ. ಗಿಡ ಗುರುತಿಸಲು ಬಾರದಿದ್ದರೆ ರಸ್ತೆಬದಿಯಿಂದ ಕಿತ್ತು ತರಬೇಡಿ. ಅಮೃತಬಳ್ಳಿ ವಿಷಯದಲ್ಲಿ ಆಗಿದ್ದು ನೆನಪಿದೆಯಲ್ಲ. 2021ರಲ್ಲಿ ಮುಂಬೈನ ಡಾಕ್ಟರ್‌ಗಳು ಅದನ್ನು ತಿಂದವರಲ್ಲಿ ಲಿವರ್ ಕೆಟ್ಟಿದೆ ಅಂತ ಬರೆದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿ ಇರಬಹುದು ಅಂದಿತು. ಯಾವುದೇ ಆಗಲಿ, ತಿಂದವರಿಗೆ ತೊಂದರೆ ಆಯಿತಲ್ಲ.

ಹವ್ಯಕ_ಅಡುಗೆಮನೆ
ದೊಡ್ಡಪತ್ರೆಗೆ ನರ್ಸರಿ ಬೇಡ. ಯಾರ ಮನೆಯಲ್ಲಾದರೂ ಗೇಣುದ್ದದ ತುಂಡು ಕೇಳಿ ತನ್ನಿ. ಕೆಳಗಿನ ಎಲೆ ತೆಗೆದು, ಅರ್ಧ ಮರಳು ಬೆರೆಸಿದ ಮಣ್ಣಿನಲ್ಲಿ ನೆಡಿ. ಬೆಳಗಿನ ಬಿಸಿಲು ಸಾಕು. ತುದಿ ಚಿವುಟುತ್ತಾ ಇದ್ದರೆ ಪೊದೆಯಾಗುತ್ತದೆ.

ಕುಡ್ಲದ_ಕಡಲು
ದಿನಾ ನೀರು ಹಾಕಬೇಕಾ?

ಹವ್ಯಕ_ಅಡುಗೆಮನೆ
ಬೇಡ, ದಿನಾ ಹಾಕಿದರೆ ಬುಡ ಕೊಳೆಯುತ್ತದೆ. ಮಣ್ಣು ಒಣಗಿದ ಮೇಲೆ ಹಾಕಿ.